ಕೇಳಿದ್ರೆ ಮಾತ್ರ ಉತ್ತರ

ಕಳೆದ ಸೆಮ್ ಮಿನಿ ಪ್ರಾಜೆಕ್ಟ್‌ಗೆ ನಾವು ಆರಿಸಿಕೊಂಡಿದ್ದು ಚಿಕ್ಕ ಕೆಲಸ. ಎರಡು ಟೆಂಪರೇಚರ್ ಕಂಟ್ರೋಲರ್, ಒಂದು ಕನ್ವರ್ಟರ್, ಒಂದು ಲ್ಯಾಪ್‌ಟಾಪ್. ಎರಡರ ರೀಡಿಂಗೂ ಸ್ಕ್ರೀನ್ ಮೇಲೆ ಬರಬೇಕು, ಅಷ್ಟೇ. ಒಂದು ಸಂಜೆ ಸಾಕು ಅಂದುಕೊಂಡೆವು. ಮೂರು ಸಂಜೆ ಹೋಯಿತು.

ಫ್ಯಾಕ್ಟರಿಗಳಲ್ಲಿ ಇಂಥ ಡಬ್ಬಿಗಳು ಮಾತಾಡುವ ಒಂದು ಹಳೇ ಭಾಷೆ ಮಾಡ್‌ಬಸ್. ಮಾಡಿಕಾನ್ ಕಂಪನಿ 1979ರಲ್ಲಿ ತನ್ನ ಪಿಎಲ್‌ಸಿಗಳಿಗೆ ಅಂತ ಮಾಡಿದ್ದು. ನಮ್ಮ ಅಪ್ಪಂದಿರು ಪ್ರೈಮರಿ ಸ್ಕೂಲಲ್ಲಿದ್ದ ಕಾಲ, ಇವತ್ತಿಗೂ ಓಡುತ್ತಿದೆ. ಅದು ಹೆಚ್ಚಾಗಿ ಓಡೋದು ಆರ್‌ಎಸ್-485 ಮೇಲೆ: ಒಂದಕ್ಕೊಂದು ಹೆಣೆದ ಎ, ಬಿ ಎಂಬ ಎರಡು ವೈರು. ಪಕ್ಕದ ಮೋಟರಿನ ನಾಯ್ಸ್ ಎರಡಕ್ಕೂ ಹೆಚ್ಚುಕಮ್ಮಿ ಒಂದೇ ಥರ ತಗಲುತ್ತದೆ. ರಿಸೀವರ್ ನೋಡೋದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಅದಕ್ಕೇ ಕಡಿಮೆ ಸ್ಪೀಡಲ್ಲಿ 1200 ಮೀಟರ್‌ವರೆಗೂ ಸಿಗ್ನಲ್ ಹೋಗುತ್ತದೆ.

ನಿಯಮ ಸರಳ. ಮಾಸ್ಟರ್ ಒಬ್ಬನೇ, ಉಳಿದವರೆಲ್ಲ ಸ್ಲೇವ್. ಒಬ್ಬೊಬ್ಬರಿಗೂ 1ರಿಂದ 247ರೊಳಗೆ ಒಂದು ನಂಬರು. ಮಾಸ್ಟರ್ ಯಾರ ನಂಬರ್ ಕರೀತಾನೋ ಅವರೇ ಉತ್ತರ ಕೊಡಬೇಕು. ಕೇಳದೆ ಯಾರೂ ಬಾಯಿ ಬಿಡುವಂತಿಲ್ಲ. ಒಂದು ಮಾತು ಮುಗಿದು ಇನ್ನೊಂದು ಶುರುವಾಗೋ ಮುಂಚೆ ಮೂರೂವರೆ ಅಕ್ಷರದಷ್ಟು ಹೊತ್ತು ಮೌನ ಇರಬೇಕು. 9600 ಬಾಡ್‌ನಲ್ಲಿ ಅದು ಸುಮಾರು 4 ಮಿಲಿಸೆಕೆಂಡ್.

ನಮ್ಮದು ಒಂದೊಂದೇ ಜೋಡಿಸಿದರೆ ಸರಿ. ಎರಡನ್ನೂ ಸೇರಿಸಿದರೆ ಸಿಆರ್‌ಸಿ ಎರರ್, ಇಲ್ಲಾ ಟೈಮ್‌ಔಟ್. ಎ, ಬಿ ಅದಲು ಬದಲು ಮಾಡಿದೆವು. ಎರಡು ತುದಿಗೂ 120 ಓಮ್ ರೆಸಿಸ್ಟರ್ ಹಾಕಿದೆವು. ಕನ್ವರ್ಟರ್ ಬದಲಿಸಿದೆವು. ಮೂವರೂ ಜೋರಾಗಿ ವಾದ ಮಾಡಿದೆವು.

ನಾಲ್ಕನೆಯವನು ಗದಗದ ಕಡೆಯವನು, ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬಂದವನು. ಪಕ್ಕದಲ್ಲಿ ಕೂತು ವೈರ್ ಸಿಪ್ಪೆ ಬಿಡಿಸಿ ಕೊಡುತ್ತಿದ್ದ. ನಾವು ಅವನಿಗೆ ಕೊಟ್ಟಿದ್ದೇ ಅಷ್ಟು ಕೆಲಸ. ಮೂರನೇ ಸಂಜೆ ಸುಸ್ತಾಗಿ, "ನಿಂಗೇನಾದ್ರೂ ಗೊತ್ತಾಗ್ತಿದ್ಯಾ?" ಅಂತ ಕೇಳಿದೆವು.

"ಎರಡಕ್ಕೂ ಐಡಿ ಏನ್ ಕೊಟ್ಟೀರಿ?" ಅಂದ.

ಏನೂ ಕೊಟ್ಟಿರಲಿಲ್ಲ. ಡಬ್ಬಿಯಿಂದ ಬಂದ ಹಾಗೆ ಎರಡೂ 1. ಒಂದನ್ನು ಕರೆದರೆ ಇಬ್ಬರೂ ಒಟ್ಟಿಗೆ ಉತ್ತರ ಕೊಡುತ್ತಿದ್ದರು, ವೈರ್ ಮೇಲೆ ಎಲ್ಲ ಕಲಸಿಹೋಗುತ್ತಿತ್ತು. ಇನ್ನೊಂದಕ್ಕೆ 2 ಕೊಟ್ಟ ತಕ್ಷಣ ಎರಡೂ ರೀಡಿಂಗ್ ಬಂದವು.

"ಮೊದ್ಲೇ ಹೇಳ್ಬಾರ್ದಿತ್ತಾ?"

"ಮೊದಲನೇ ದಿನಾನ ಡೌಟ್ ಬಂದಿತ್ತು. ನೀವು ಮೂರೂ ಮಂದಿ ಇಂಗ್ಲಿಷ್‌ನ್ಯಾಗ ಒಮ್ಮೆಲೇ ಮಾತಾಡಾಕತ್ತಿದ್ರಿ. ನಡುವ ಹೆಂಗ ಬಾಯಿ ಹಾಕೋದು?"

ನಮಗೆ ಉತ್ತರ ಇರಲಿಲ್ಲ. ಕನ್ನಡ ನಮ್ಮ ಮೂವರಿಗೂ ಮನೆಮಾತೇ. ಆದರೂ ಲ್ಯಾಬ್ ಬಾಗಿಲಲ್ಲೇ ಬಿಟ್ಟು ಒಳಗೆ ಹೋಗುತ್ತಿದ್ದೆವು.

ಮಾಸ್ಟರ್, ಸ್ಲೇವ್ ಅನ್ನೋ ಪದಗಳನ್ನು ಮಾಡ್‌ಬಸ್ ಸಂಸ್ಥೆ 2020ರಲ್ಲಿ ಕೈಬಿಟ್ಟು ಕ್ಲೈಂಟ್, ಸರ್ವರ್ ಅಂತ ಮಾಡಿತು. ಹೆಸರು ಬದಲಾಯಿತು, ನಿಯಮ ಅದೇ: ಕೇಳಿದರೆ ಮಾತ್ರ ಉತ್ತರ. ಡಬ್ಬಿಗಳಿಗೆ ಅದು ಸರಿ.

ಈ ಸೆಮ್ಮಲ್ಲೂ ಅದೇ ಗುಂಪು. ಈಗ ವೈರ್ ಸಿಪ್ಪೆ ಬಿಡಿಸೋದು ಪಾಳಿ ಪ್ರಕಾರ. ಅವನು ಈಗ ಕೇಳದೇನೂ ಹೇಳ್ತಾನೆ, ಕೆಲವು ಸಲ ಬೈತಾನೆ ಕೂಡ.