ಇತ್ತೀಚೆಗೆ ಓದಿದ್ದು, ನೋಡಿದ್ದು, ಕೇಳಿದ್ದು

ಇವತ್ತಿನ ಪೋಸ್ಟಲ್ಲಿ ಮನವಿ ಪತ್ರ ಇಲ್ಲ, ತಾಲ್ಲೂಕು ಕಚೇರಿ ಮುಂದೆ ಕೂತ ಫೋಟೋನೂ ಇಲ್ಲ. ದೀಪಾವಳಿಯಿಂದ ಈಚೆಗೆ ನಾನು ಓದಿದ, ನೋಡಿದ, ಕೇಳಿದ ಕೆಲವು ಇಷ್ಟದ ಸಂಗತಿಗಳ ಬಗ್ಗೆ ಬರೀತಿದೀನಿ. ಸ್ವಲ್ಪ ಉದ್ದ ಇದೆ. ಕಾಫಿ ಇಟ್ಕೊಂಡು ಕೂತ್ಕೊಳ್ಳಿ.

ನಮ್ಮ ಸಂಘಟನೆಯವರದ್ದೊಂದು ಅಭ್ಯಾಸ ಇದೆ. ‘ಏನ್ ಓದ್ತಿದೀರಿ’ ಅಂತ ಯಾರಾದ್ರೂ ಕೇಳಿದ್ರೆ ಬಾಬಾಸಾಹೇಬರ ಸಂಪುಟದ ನಂಬರ್ ಹೇಳ್ತೀವಿ. ಓದೋದು ನಿಜಾನೇ. ಆದ್ರೆ ರಾತ್ರಿ ದೊಡ್ಡಮ್ಮನ ಜೊತೆ ಕೂತು ಸೀರಿಯಲ್ ನೋಡಿದ್ದು, ಬಸ್ಸಲ್ಲಿ ಒಬ್ಬನೇ ನಕ್ಕಿದ್ದು, ಅರ್ಥವಾಗದ ತಮಿಳು ಹಾಡಿಗೆ ತಲೆ ಆಡಿಸಿದ್ದು ಯಾರ ಹತ್ರನೂ ಹೇಳಲ್ಲ. ದಲಿತ ಕಾರ್ಯಕರ್ತ ಅಂದ್ರೆ ಬೆಳಗ್ಗೆಯಿಂದ ರಾತ್ರಿವರೆಗೂ ಸಿಟ್ಟಲ್ಲೇ ಇರಬೇಕು ಅಂತ ಊರಿನವರು ಅಂದ್ಕೊಂಡಿದಾರೆ, ನಾವೂ ಅದನ್ನ ಒಪ್ಕೊಂಡ್ಬಿಟ್ಟಿದೀವಿ.

ನಕ್ಕಿದ್ದರಿಂದಲೇ ಶುರು ಮಾಡ್ತೀನಿ. ಶೃಂಗೇರಿಯಿಂದ ಕೊಪ್ಪಕ್ಕೆ ಬರೋ ಬಸ್ಸಲ್ಲಿ ಸಿದ್ದಲಿಂಗಯ್ಯನವರ ‘ಊರುಕೇರಿ’ಯನ್ನ ಎಷ್ಟನೇ ಸಲವೋ ಓದ್ತಿದ್ದೆ. ‘ಹೊಲೆಮಾದಿಗರ ಹಾಡು’ 1975ರಲ್ಲಿ ಬಂದಾಗ ಬೆಂಕಿ ಉಗುಳಿದ ಕವಿ ತನ್ನ ಬಾಲ್ಯದ ಕಥೆ ಹೇಳೋವಾಗ ಇಷ್ಟು ನಗಿಸ್ತಾರಲ್ಲ! ಆ ನಗುವಿನ ಒಳಗೆ ಏನಿದೆ ನೋಡಿ. ಪುಸ್ತಕದ ಶುರುವಲ್ಲೇ ಇಬ್ಬರು ಮನುಷ್ಯರ ಹೆಗಲಿಗೆ ನೊಗ ಹಾಕಿ ಹೊಲ ಉಳಿಸೋ ದೃಶ್ಯ. ಹುಡುಗರಿಗೆ ಅದೊಂದು ತಮಾಷೆ. ಆಮೇಲೆ ಗೊತ್ತಾಗುತ್ತೆ, ಎತ್ತಿನ ಜಾಗದಲ್ಲಿರೋ ಒಬ್ಬರು ಆ ಹುಡುಗನ ಅಪ್ಪ. ಬೇರೆ ಯಾರಾದ್ರೂ ಬರೆದಿದ್ರೆ ಅಲ್ಲಿ ನಾಲ್ಕು ಪುಟ ಅಳು ಇರ್ತಿತ್ತು. ಸಿದ್ದಲಿಂಗಯ್ಯ ಹೇಳಿ ಮುಂದೆ ಹೋಗ್ತಾರೆ.

ಹರಿಹರಪುರ ದಾಟೋ ಹೊತ್ತಿಗೆ ಜೋರಾಗಿ ನಕ್ಕುಬಿಟ್ಟೆ. ಪಕ್ಕದಲ್ಲಿ ಕೂತವರು ‘ಯಾವ ಪುಸ್ತಕ?’ ಅಂದ್ರು. ತೋರಿಸಿದೆ. ರಟ್ಟು ನೋಡಿದ್ರು, ನನ್ನ ಮುಖ ನೋಡಿದ್ರು, ಆಮೇಲೆ ಕೇಳಿದ್ದು: ‘ನಿಮ್ಮದು ಯಾವ ಮನೆ ಆಯ್ತು?’ ಬಯಲುಸೀಮೆ ಗೆಳೆಯರಿಗೆ ಇದು ವಿಳಾಸ ಕೇಳಿದ ಹಾಗೆ ಕಾಣಬಹುದು. ನಮ್ಮ ಕಡೆ ಹಾಗಲ್ಲ ಮಾರಾಯ್ರೆ. ಇಲ್ಲಿ ಮನೆಗೊಂದು ಹೆಸರು, ಹೆಸರಿಗೊಂದು ತೋಟ, ತೋಟಕ್ಕೊಂದು ಜಾತಿ. ಲೈನ್ ಮನೆಗೆ ಹೆಸರಿಲ್ಲ, ನಂಬರ್ ಇರುತ್ತೆ. ‘ಕಾಲೋನಿ’ ಅಂದೆ. ಅವರು ಕಿಟಕಿ ಕಡೆ ತಿರುಗಿದ್ರು, ನಾನು ಪುಸ್ತಕದ ಕಡೆ ತಿರುಗಿದೆ. ಕೊಪ್ಪ ಬರೋವರೆಗೂ ಇಬ್ರಿಗೂ ಸುಖವಾಗಿತ್ತು.

ಎರಡನೇದು ದಪ್ಪ ಪುಸ್ತಕ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’. 1967ರದ್ದು, ಅದನ್ನ ‘ಇತ್ತೀಚಿನ ಇಷ್ಟ’ ಅಂತ ಹೇಗೆ ಹೇಳ್ತೀಯ ಅನ್ನಬೇಡಿ. ಕಾಫಿ ಕೊಯ್ಲಿನ ಟೈಮಲ್ಲಿ ಮತ್ತೆ ಓದಿ ಮುಗಿಸಿದ್ದಕ್ಕೆ ಇತ್ತೀಚಿನದು. ಕುವೆಂಪು ಹುಟ್ಟಿದ್ದು ನಮ್ಮ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, 1904ರಲ್ಲಿ. ಹಾಗಾಗಿ ನಮ್ಮ ಕಡೆ ಸಭೆಗಳಲ್ಲಿ ಈ ಕಾದಂಬರಿ ಬಗ್ಗೆ ಮಾತಾಡೋರು ತುಂಬ. ಕಾಡು ಬರುತ್ತೆ, ಮಳೆ ಬರುತ್ತೆ, ಹುಲಿಕಲ್ಲು ನೆತ್ತಿ ಬರುತ್ತೆ, ಮುಕುಂದಯ್ಯ-ಚಿನ್ನಮ್ಮ ಬರ್ತಾರೆ. ಗುತ್ತಿ ಬಂದ್ರೂ ಅವನ ನಾಯಿ ಹುಲಿಯನ ಜೊತೆಗೇ ಬರ್ತಾನೆ. ತಿಮ್ಮಿ ಹೆಸರು ಎಷ್ಟೋ ಭಾಷಣಕಾರರಿಗೆ ನೆನಪಾಗಲ್ಲ, ನಾಯಿ ಹೆಸರು ನೆನಪಿರುತ್ತೆ.

ನಾನು ಈ ಸಲ ಓದಿದ್ದೇ ಗುತ್ತಿ-ತಿಮ್ಮಿಗೋಸ್ಕರ. ಗುತ್ತಿ ಸಿಂಬಾವಿಯ ಹೆಗ್ಗಡೆಯ ಹೊಲೆಯಾಳು. ತಿಮ್ಮಿ ಬೆಟ್ಟಳ್ಳಿ ಹೊಲಗೇರಿಯ ಹುಡುಗಿ, ಅಂದ್ರೆ ಬೇರೆ ಒಡೆಯರ ಸ್ವತ್ತು. ಇವನು ರಾತ್ರೋರಾತ್ರಿ ಅವಳನ್ನ ಹಾರಿಸ್ಕೊಂಡು ಹೋದ್ರೆ ಅದು ಬರೀ ಪ್ರೀತಿ ವಿಷಯ ಅಲ್ಲ. ಒಬ್ಬ ಒಡೆಯನ ಆಳು ಇನ್ನೊಬ್ಬ ಒಡೆಯನ ದುಡಿಮೆಯನ್ನ ಕದ್ದ ಹಾಗೆ. ಹೊಲೆಯ ಹುಡುಗ ಹೊಲೆಯರ ಹುಡುಗಿಯನ್ನ ಮದುವೆ ಆಗೋದಕ್ಕೂ ಎರಡು ದೊಡ್ಡ ಮನೆಗಳು ಲೆಕ್ಕ ಹಾಕಬೇಕು. ಜೀತ ಅಂದ್ರೆ ಏನು ಅಂತ ನಮ್ಮ ಹುಡುಗರಿಗೆ ಹೇಳೋಕೆ 1976ರ ಜೀತ ನಿಷೇಧ ಕಾಯ್ದೆ ಓದಿಸೋದಕ್ಕಿಂತ ಇದು ಸುಲಭ. ಕಾಯ್ದೆ ಬಂದ ಮೇಲೂ ‘ಮುಂಗಡ’ ಅನ್ನೋ ಪದ ಎಷ್ಟು ಲೈನುಗಳಲ್ಲಿ ಜನರನ್ನ ಕಟ್ಟಿ ಹಾಕಿತ್ತು ಅಂತ ನಮ್ಮ ದೊಡ್ಡಮ್ಮನ್ನ ಕೇಳಿ.

ಕುವೆಂಪು ಜೊತೆ ಜಗಳ ಇಲ್ಲ ಅಂತಲ್ಲ. ಹೊಲಗೇರಿಯ ಕೊಳಕನ್ನ ವರ್ಣಿಸೋವಾಗ ಒಂದೊಂದು ಕಡೆ ಅಂಗಳದಲ್ಲಿ ನಿಂತು ಮೂಗು ಮುಚ್ಕೊಂಡು ನೋಡಿದ ಹಾಗೆ ನನಗೆ ಅನ್ಸುತ್ತೆ. ಆದ್ರೂ, ಸಾಲದ ಲೆಕ್ಕದ ಪುಸ್ತಕ ಬಿಟ್ರೆ ಬೇರೆ ಎಲ್ಲೂ ಹೆಸರಿಲ್ಲದ ನಮ್ಮ ಅಜ್ಜ-ಮುತ್ತಜ್ಜರ ಕಾಲದವರು ಇಲ್ಲಿ ಹೆಸರಿಟ್ಕೊಂಡು ಓಡಾಡ್ತಾರೆ, ಕದ್ದು ಮಾತಾಡ್ತಾರೆ, ಆಸೆ ಪಡ್ತಾರೆ, ಕಾಡಲ್ಲಿ ಒಂದು ರಾತ್ರಿ ಯಾರ ಆಳೂ ಆಗಿರದೆ ಇರ್ತಾರೆ. ಕೊನೆಗೆ ತುಂಗೆಯ ನೆರೆಯಲ್ಲಿ ಹುಲಿಯ ಕೊಚ್ಚಿ ಹೋಗೋದನ್ನ ಓದಿ ಈ ಸಲವೂ ಅತ್ತೆ. ನಾಯಿ ಹೆಸರು ನೆನಪಿಟ್ಟವರನ್ನ ಆಡ್ಕೊಂಡವನೇ ನಾನು, ಏನ್ ಮಾಡೋದು.

ಈಗ ಟಿ.ವಿ. ವಿಷಯಕ್ಕೆ ಬರೋಣ. ದೊಡ್ಡಮ್ಮನಿಗೆ ಓದೋಕೆ ಬರಲ್ಲ. ಅವರಿಗೋಸ್ಕರ ‘ಮಹಾನಾಯಕ’ದ ಹಳೇ ಎಪಿಸೋಡ್‌ಗಳನ್ನ ಮೊಬೈಲಲ್ಲಿ ಮತ್ತೆ ಹಾಕ್ತಿದೀನಿ. 2020ರ ಜುಲೈಯಲ್ಲಿ ಜೀ ಕನ್ನಡದಲ್ಲಿ ಇದು ಶುರುವಾದಾಗ ಹಳ್ಳಿ ಹಳ್ಳಿಯ ಕೇರಿಗಳಲ್ಲಿ ಹುಡುಗರು ಚಂದಾ ಎತ್ತಿ ಫ್ಲೆಕ್ಸ್ ಹಾಕಿದ್ದು ನಿಮಗೆ ನೆನಪಿರಬಹುದು. ಪ್ರಸಾರ ನಿಲ್ಲಿಸಿ ಅಂತ ವಾಹಿನಿಯವರಿಗೆ ಬೆದರಿಕೆ ಕರೆ ಬಂದಿದ್ದೂ ಸುದ್ದಿಯಾಗಿತ್ತು. ಒಂದು ಡಬ್ಬಿಂಗ್ ಸೀರಿಯಲ್ಲಿಗೆ ಫ್ಲೆಕ್ಸು! ಆಗ ನಮ್ಮ ಕಡೆ ಮಳೆಗಾಲ. ಗಾಳಿಗೆ ಮರ ಬಿದ್ರೆ ಎರಡು-ಮೂರು ದಿನ ಕರೆಂಟಿಲ್ಲ. ಹಾಗಾಗಿ ಎಷ್ಟೋ ಕಂತು ತಪ್ಪಿಹೋಗಿತ್ತು.

ಸೀರಿಯಲ್ ಅದ್ಭುತ ಅಂತ ನಾನು ಹೇಳಲ್ಲ. ಒಂದೇ ಮುಖವನ್ನ ಮೂರು ಸಲ ತೋರಿಸ್ತಾರೆ, ಡಮಾರ್ ಅಂತ ಸದ್ದು ಹಾಕ್ತಾರೆ, ಇತಿಹಾಸದಲ್ಲಿ ಇಲ್ಲದ್ದನ್ನ ಸೇರಿಸಿ ಎಳೀತಾರೆ. ಧನಂಜಯ ಕೀರ್ ಬರೆದ ಜೀವನಚರಿತ್ರೆ ಓದಿದವರಿಗೆ ಅಲ್ಲಲ್ಲಿ ಹಲ್ಲು ಕಡಿಯೋ ಹಾಗಾಗುತ್ತೆ. ಆದ್ರೆ ದೊಡ್ಡಮ್ಮ ರಾಮ್‌ಜಿ ಸಕ್ಪಾಲ್, ಭೀಮಾಬಾಯಿ, ರಮಾಬಾಯಿ ಅನ್ನೋ ಹೆಸರುಗಳನ್ನ ಪಕ್ಕದ ಮನೆಯವರ ಹಾಗೆ ಹೇಳ್ತಾರೆ. ಶಾಲೆಯಲ್ಲಿ ಹುಡುಗನಿಗೆ ನೀರು ಕೊಡದ ಭಾಗ ಬಂದ ದಿನ ಅವರು ಊಟ ಮಾಡ್ಲಿಲ್ಲ. ‘ನಮಗೂ ಹಂಗೇ ಅಲ್ದನಾ, ಕರಟದಲ್ಲಿ ಕಾಫಿ ಹುಯ್ಯೋರು, ಮೇಲಿಂದ. ಬಿಸಿ ಅಂತ ಕೈ ಹಿಂದೆ ತಗಂಡ್ರೆ ನೆಲಕ್ಕೆ’ ಅಂದ್ರು. ಅವರು ಹೇಳಿದ್ದು ಯಾವ ತೋಟ ಅಂತ ನನಗೆ ಗೊತ್ತು, ಹೆಸರು ಇಲ್ಲಿ ಬೇಡ. ಅರವತ್ತು ವರ್ಷದಲ್ಲಿ ಈ ಮಾತನ್ನ ಅವರ ಬಾಯಿಂದ ನಾನು ಕೇಳಿದ್ದು ಅದೇ ಮೊದಲು. ಮಹಾಡ್ ಕೆರೆ ಭಾಗ ಬರೋವರೆಗೂ ಜೀವ ಇಟ್ಕೊಂಡಿರ್ತೀನಿ ಅಂತ ತಮಾಷೆ ಮಾಡ್ತಾರೆ. 1927ರ ಆ ದಿನದ ಬಗ್ಗೆ ನಾನು ನೂರು ಭಾಷಣ ಮಾಡಿದೀನಿ, ಒಂದಕ್ಕೂ ಅವರು ಹೀಗೆ ಕಾದಿದ್ದಿಲ್ಲ.

ಸಿನಿಮಾ ಒಂದೇ. ನೀರಜ್ ಘೇವಾನ್ ಅವರ ‘ಹೋಮ್‌ಬೌಂಡ್’. 2025ರದ್ದು, ಹಿಂದಿ, ಕಾನ್ ಚಿತ್ರೋತ್ಸವಕ್ಕೆ ಹೋಗಿತ್ತು, ಭಾರತದಿಂದ ಆಸ್ಕರ್‌ಗೂ ಇದನ್ನೇ ಕಳಿಸಿದ್ರು. ಬಶಾರತ್ ಪೀರ್ 2020ರಲ್ಲಿ ನ್ಯೂಯಾರ್ಕ್ ಟೈಮ್ಸ್‌ಗೆ ಬರೆದ ಒಂದು ನಿಜ ಘಟನೆ ಇದಕ್ಕೆ ಮೂಲ. ಒಬ್ಬ ದಲಿತ, ಒಬ್ಬ ಮುಸ್ಲಿಂ, ಇಬ್ಬರು ಗೆಳೆಯರು. ಪೊಲೀಸ್ ಪರೀಕ್ಷೆ ಬರೆದು ಕಾಯ್ತಾರೆ, ಸೂರತ್‌ಗೆ ದುಡಿಯೋಕೆ ಹೋಗ್ತಾರೆ, ಲಾಕ್‌ಡೌನ್ ಬರುತ್ತೆ. ಮುಂದಿನದನ್ನ ನೀವೇ ನೋಡಿ.

ಸಂಕ್ರಾಂತಿಗೆ ಬಂದಿದ್ದ ತಂಗಿ ಮಗನ ಫೋನಲ್ಲಿ ನೋಡಿದ್ವಿ. ಹುಡುಗ ಬೆಂಗಳೂರಲ್ಲಿ ಕಂಪನಿ ಕೆಲಸದಲ್ಲಿದಾನೆ, ಪಿ.ಜಿ.ಯಲ್ಲಿ ಇರ್ತಾನೆ. ಸಿನಿಮಾದಲ್ಲಿ ಚಂದನ್ ಅನ್ನೋ ಹುಡುಗ ತನ್ನ ಕೆಟಗರಿ ಕೇಳಿದಾಗ ‘ಜನರಲ್’ ಅಂತಾನೆ. ಅಲ್ಲಿ ನಮ್ಮ ಹುಡುಗ ಸಿನಿಮಾ ನಿಲ್ಲಿಸಿದ. ಚಾರ್ಜ್ ಮುಗೀತಾ ಅಂದೆ. ‘ಇಲ್ಲ ಮಾವ’ ಅಂದ. ಸ್ವಲ್ಪ ಹೊತ್ತಾದ ಮೇಲೆ ಹೇಳಿದ್ದು ಇದು. ಆಫೀಸಲ್ಲಿ ‘ಯಾವ ಊರು’ ಅಂದ್ರೆ ಕೊಪ್ಪ ಅಂದ್ರೆ ಗೊತ್ತಾಗಲ್ಲ, ಅದಕ್ಕೆ ಚಿಕ್ಕಮಗಳೂರು ಅಂತಾನೆ. ತಕ್ಷಣ ಅವರು ‘ವಾವ್, ಕಾಫಿ ಎಸ್ಟೇಟಾ?’ ಅಂತಾರೆ. ಇವನು ‘ಹೂಂ, ಎಸ್ಟೇಟೇ’ ಅಂತಾನೆ.

‘ಸುಳ್ಳಂತೂ ಹೇಳಿಲ್ಲ ಮಾವ. ಎಸ್ಟೇಟಲ್ಲೇ ಅಲ್ವಾ ಹುಟ್ಟಿದ್ದು?’

ನನಗೆ ನಗು ಬಂತು, ಅವನಿಗೂ ಬಂತು. ಆಮೇಲೆ ಇಬ್ರೂ ಸುಮ್ಮನಾದ್ವಿ. ಈಗ ಅವನ ಗೆಳೆಯರು ‘ನಿಮ್ಮ ಎಸ್ಟೇಟಿಗೆ ಟ್ರಿಪ್ ಹೋಗೋಣ, ಹೋಮ್‌ಸ್ಟೇ ದುಡ್ಡು ಉಳೀತು’ ಅಂತಿದಾರಂತೆ. ಏಪ್ರಿಲ್ಲಿಗೆ ಮುಂದೂಡಿದಾನೆ. ಏಪ್ರಿಲ್ ಬಂದ್ರೆ ಏನ್ ಹೇಳ್ತೀಯ ಅಂದೆ. ‘ಜೂನ್ ಅಂತೀನಿ, ಮಳೆ ಶುರುವಾದ್ರೆ ಯಾರೂ ಬರಲ್ಲ’ ಅಂದ.

ಇಲ್ಲಿ ನನಗೊಂದು ಮಾತಿದೆ. ‘ಜಾತಿ ಮುಚ್ಚಿಡಬಾರದು, ತಲೆ ಎತ್ತಿ ಹೇಳು’ ಅಂತ ವೇದಿಕೆ ಮೇಲಿಂದ ಹೇಳೋದು ಸುಲಭ. ಆ ಹುಡುಗ ತಿಂಗಳಿಗೊಂದ್ಸಲ ರೂಂಮೇಟ್ ಬಾಯಲ್ಲಿ ರಿಸರ್ವೇಶನ್ ಜೋಕ್ ಕೇಳ್ತಾ ಅದೇ ರೂಮಲ್ಲಿ ಮಲಗಬೇಕು. ಅವನಿಗೆ ನಾನು ಉಪದೇಶ ಮಾಡ್ಲಿಲ್ಲ. ಸಿನಿಮಾನೂ ಚಂದನ್‌ಗೆ ಉಪದೇಶ ಮಾಡಲ್ಲ, ಅದಕ್ಕೇ ನನಗೆ ಅದು ಇಷ್ಟ. ಅವನು ಯಾಕೆ ಹಾಗಂದ ಅಂತ ತೋರಿಸುತ್ತೆ, ಅದರ ಬೆಲೆ ಏನು ಅಂತಲೂ ತೋರಿಸುತ್ತೆ. ಚಿಕ್ಕಮಗಳೂರು ಅಂದ ಕೂಡಲೇ ಮಾಲೀಕನ ಬಂಗ್ಲೆಯೊಂದೇ ಕಣ್ಮುಂದೆ ಬರೋ ಹಾಗೆ ಮಾಡಿದವರು ಯಾರು? ಸಿನಿಮಾ ಹಾಡುಗಳು, ಹೋಮ್‌ಸ್ಟೇ ರೀಲುಗಳು. ಗಿಡ ಕಸಿ ಮಾಡಿದವರು, ಹಣ್ಣು ಕೊಯ್ದವರು ಆ ಚಿತ್ರದಲ್ಲಿ ಹಿನ್ನೆಲೆಗೂ ಇಲ್ಲ. ಹಾಗಿದ್ಮೇಲೆ ಹುಡುಗ ಚಿತ್ರದಲ್ಲಿ ಇರೋ ಒಂದೇ ಜಾಗಕ್ಕೆ ಹೋಗಿ ನಿಂತ.

ಹಾಡಿನ ಮಾತೂ ಇದಕ್ಕೆ ಹೊಂದ್ಕೊಂಡೇ ಬರುತ್ತೆ. ಅರಿವು ಮತ್ತು ಧೀ ಹಾಡಿದ ‘ಎಂಜಾಯ್ ಎಂಜಾಮಿ’ 2021ರ ಮಾರ್ಚಲ್ಲಿ ಬಂದಾಗ ನಮ್ಮ ಕಾಲೋನಿ ಮಕ್ಕಳು ಸ್ಕೂಲ್ ಡೇಗೆ ಕುಣಿಯೋಕೆ ಅದನ್ನೇ ಕಲಿತ್ರು. ಅರ್ಥ ಯಾರಿಗೂ ಗೊತ್ತಿರ್ಲಿಲ್ಲ. ಮೊನ್ನೆ ಪಕ್ಕದ ಲೈನಿನ ತಮಿಳು ಅಕ್ಕನ ಹತ್ರ ಕೂತು ಸಾಲು ಸಾಲಾಗಿ ಅರ್ಥ ಕೇಳ್ಕೊಂಡೆ. ಅರಿವು ಅವರ ಅಜ್ಜಿ ವಳ್ಳಿಯಮ್ಮಾಳ್ ಶ್ರೀಲಂಕಾದ ಟೀ ತೋಟದಲ್ಲಿ ಕೂಲಿ ಮಾಡಿದವರು. ಹಾಗೆ ಹೋಗಿದ್ದ ಲಕ್ಷಾಂತರ ತಮಿಳರನ್ನ 1964ರ ಸಿರಿಮಾವೋ-ಶಾಸ್ತ್ರಿ ಒಪ್ಪಂದದ ಮೇಲೆ ವಾಪಸ್ ಕಳಿಸಿದ್ರು. ಕೆಲವರು ನಮ್ಮ ರಾಜ್ಯಕ್ಕೂ ಬಂದ್ರು, ಸುಳ್ಯ-ಪುತ್ತೂರು ಕಡೆ ರಬ್ಬರ್ ತೋಟದಲ್ಲಿ ಇವತ್ತಿಗೂ ಆ ಕುಟುಂಬಗಳಿವೆ. ತೋಟ ಬೆಳೆಸಿದವರಿಗೆ ತೋಟದಲ್ಲಿ ಪಾಲಿಲ್ಲ ಅನ್ನೋ ಅಜ್ಜಿಯ ಸಂಕಟ ಆ ಕುಣಿತದ ಒಳಗೆ ಇದೆ. ಅಕ್ಕ ಅರ್ಥ ಹೇಳ್ತಾ ಹೇಳ್ತಾ ಮಧ್ಯದಲ್ಲಿ ‘ಇದು ನಮ್ಮ ಪಾಟಿ ಹೇಳೋ ಮಾತೇ’ ಅಂದ್ರು, ಆಮೇಲೆ ಎದ್ದು ಅನ್ನ ಬಸಿಯೋಕೆ ಹೋದ್ರು.

ಆ ಹಾಡು ಕೋಟ್ಯಂತರ ಜನರಿಗೆ ಮುಟ್ಟಿದ ಮೇಲೆ ಏನಾಯ್ತು ಗೊತ್ತಲ್ಲ? ಅದೇ ವರ್ಷ ಆಗಸ್ಟಲ್ಲಿ ರೋಲಿಂಗ್ ಸ್ಟೋನ್ ಇಂಡಿಯಾ ಮುಖಪುಟದಲ್ಲಿ ಅರಿವು ಇರ್ಲಿಲ್ಲ. 2022ರಲ್ಲಿ ಚೆನ್ನೈನ ಚೆಸ್ ಒಲಿಂಪಿಯಾಡ್ ವೇದಿಕೆಯಲ್ಲಿ ಹಾಡಿತ್ತು, ಅರಿವು ಇರ್ಲಿಲ್ಲ. ಇದಕ್ಕೆ ಬೇರೆ ವಿವರಣೆಗಳನ್ನೂ ಕೊಟ್ರು. ನಮ್ಮ ಲೈನಿನವರಿಗೆ ವಿವರಣೆ ಬೇಕಾಗಲಿಲ್ಲ.

ಇನ್ನೊಂದು ಸದ್ದಿನ ವಿಷಯ ಇದೆ, ಅದು ಇನ್ನೂ ಬಗೆಹರಿದಿಲ್ಲ. ಕೆ.ಬಿ. ಸಿದ್ದಯ್ಯನವರ ಖಂಡಕಾವ್ಯವನ್ನ ಲಕ್ಷ್ಮಣ್ ಕೆ.ಪಿ. ನಾಟಕ ಮಾಡಿದಾರಲ್ಲ, ‘ದಕ್ಲಕಥಾ ದೇವಿಕಾವ್ಯ’, ಅದರಲ್ಲಿ ತಮಟೆ ಬರೀ ಹಿನ್ನೆಲೆ ಸಂಗೀತ ಅಲ್ಲ, ಅದೂ ಒಂದು ಪಾತ್ರ. ನೋಡಿ ಬಂದ ನಮ್ಮ ಹುಡುಗರು ‘ನಾವೂ ತಮಟೆ ತಂಡ ಕಟ್ಟೋಣ’ ಅಂತ ಹಟ ಹಿಡಿದಿದಾರೆ. ಹಿರಿಯರು ಒಪ್ಪಲ್ಲ. ಅವರ ಮಾತಲ್ಲೂ ಹುರುಳಿದೆ. ಊರಿನವರ ಸಾವಿಗೆ, ಜಾತ್ರೆಗೆ ಬಿಟ್ಟಿ ಬಡೀತಿದ್ದ ತಮಟೆಯನ್ನ ಅವರು ಒದೆ ತಿಂದು ಬಿಟ್ಟಿದ್ದು. ದಲಿತ ಸಂಘರ್ಷ ಸಮಿತಿಯ ಕಾಲ ಅದು. ಪ್ರೊ. ಬಿ. ಕೃಷ್ಣಪ್ಪ ಪಾಠ ಮಾಡ್ತಿದ್ದ ಭದ್ರಾವತಿ ನರಸಿಂಹರಾಜಪುರಕ್ಕೆ ಎಷ್ಟು ದೂರ? ಆ ಬಿಸಿ ಕಾಡು ದಾಟಿ ನಮ್ಮ ಕಡೆಗೂ ಬಂದಿತ್ತು. ‘ಬಿಡೋಕೆ ಅಷ್ಟು ಕಷ್ಟಪಟ್ಟಿದ್ದನ್ನ ಈಗ ಸ್ಟೇಜಿಗೆ ಅಂತ ಹಿಡೀಬೇಕನಾ?’ ಅಂತ ಒಬ್ಬರು ಹಿರಿಯರು ಕೇಳಿದ್ರು. ಒಂದು ಹುಡುಗಿ ಎದ್ದು ನಿಂತು, ‘ನೀವು ಬಿಟ್ಟಿದ್ದು ಅವರಿಗೋಸ್ಕರ ಬಡಿಯೋದನ್ನ ಅಲ್ವಾ ಅಜ್ಜ? ನಾವು ನಮಗೋಸ್ಕರ ಬಡೀತೀವಿ’ ಅಂದ್ಲು. ನನ್ನ ಒಲವು ಹುಡುಗಿ ಕಡೆಗೇ ಇದೆ. ಆದ್ರೆ ಅಜ್ಜನ ಮುಂದೆ ಹೇಳೋಕೆ ಬಾಯಿ ಬರ್ಲಿಲ್ಲ. ಅವರ ಬೆನ್ನು ನಾನು ನೋಡಿದೀನಿ. ಸಭೆ ಮುಂದಕ್ಕೆ ಹಾಕಿದೀವಿ.

ಈಗ ದಿಂಬಿನ ಹತ್ರ ಇರೋದು ಮೋಟಮ್ಮನವರ ಆತ್ಮಕಥೆ, ‘ಬಿದಿರು ನೀನ್ಯಾರಿಗಲ್ಲದವಳು’. ನಮ್ಮದೇ ಜಿಲ್ಲೆಯ ಮೂಡಿಗೆರೆಯಿಂದ ವಿಧಾನಸಭೆಗೆ ಹೋಗಿ ಮಂತ್ರಿಯಾದ ದಲಿತ ಹೆಣ್ಣುಮಗಳು. ಅವರ ಪಕ್ಷದ ಬಗ್ಗೆ ನಮಗೆ ನೂರು ತಕರಾರಿರಬಹುದು, ಅದು ಬೇರೆ ವಿಷಯ. ಇನ್ನೂ ಅರ್ಧ ಆಗಿಲ್ಲ, ಹಾಗಾಗಿ ಈಗಲೇ ಏನೂ ಹೇಳಲ್ಲ. ಪುಸ್ತಕ ಎನ್.ಆರ್. ಪುರದ ಗೆಳತಿಯದ್ದು, ಹದಿನೈದು ದಿನದಲ್ಲಿ ವಾಪಸ್ ಕೊಡಬೇಕು. ಆಮೇಲೆ ಬೇಕಾದವರು ಅವರನ್ನೇ ಕೇಳಿ, ನನ್ನ ‘ಊರುಕೇರಿ’ ಮಾತ್ರ ಕೇಳಬೇಡಿ. ಅದನ್ನ ತಂಗಿ ಮಗ ಬೆಂಗಳೂರಿಗೆ ತಗೊಂಡು ಹೋಗಿದಾನೆ, ನ್ಯೂಸ್‌ಪೇಪರಲ್ಲಿ ಬೈಂಡ್ ಹಾಕ್ಕೊಂಡು.

ಜೈ ಭೀಮ್.