ಕೈರೋದಲ್ಲಿ ಒಂದು ಬಿಡುವಿನ ದಿನ

ದೀನೀ ವಿದ್ಯೆ ಕಲಿಯಲು ಹೋದವನಿಗೆ ಊರು ಸುತ್ತುವ ಕೆಲಸವೇಕೆ ಎಂದು ಕೇಳುವ ಹಿರಿಯರು ನಮ್ಮ ಕರಾವಳಿಯ ಪ್ರತಿ ಜಮಾಅತಿನಲ್ಲೂ ಇದ್ದಾರೆ. ಅವರ ಆತಂಕದಲ್ಲಿ ಹುರುಳಿಲ್ಲವೆಂದಲ್ಲ. ಮನೆಯವರು ಒಡವೆ ಅಡವಿಟ್ಟು ಕಳುಹಿಸಿದ ಹಣದಲ್ಲಿ ಕಲಿಯುವವನಿಗೆ ಸಮಯದ ಲೆಕ್ಕ ಇರಲೇಬೇಕು. ಆದರೆ ಭೂಮಿಯಲ್ಲಿ ಸಂಚರಿಸಿ ನೋಡುವಂತೆ ಪವಿತ್ರ ಕುರ್‌ಆನ್ ಹಲವೆಡೆ ಪ್ರೇರೇಪಿಸಿರುವುದನ್ನೂ ಅವರು ಬಲ್ಲರು. ಸುಮಾರು 20 ವರ್ಷಗಳ ಹಿಂದೆ, ಕೈರೋದ ಅಲ್‌ಅಝ್‌ಹರ್‌ನಲ್ಲಿ ಕಲಿಯುತ್ತಿದ್ದಾಗ ನಾವು ಕಳೆದ ಒಂದು ದಿನದ ವಿಷಯವನ್ನು ಅಂಥ ಹಿರಿಯರ ಮುಂದಿಡಬೇಕೆನಿಸುತ್ತದೆ.

ಪರೀಕ್ಷೆ ಆಗಷ್ಟೇ ಮುಗಿದಿತ್ತು. ನಮ್ಮ ಜೊತೆ ಮೂವರು ಗೆಳೆಯರು: ಮಲಪ್ಪುರಂನವನೊಬ್ಬ, ಜಾವಾದವನೊಬ್ಬ, ನೈಜೀರಿಯಾದ ಕಾನೋ ಪಟ್ಟಣದವನೊಬ್ಬ. ಕಾನೋದ ಗೆಳೆಯ ಓದು ಮುಗಿಸಿ ಮರುವಾರವೇ ತವರಿಗೆ ಮರಳುವವನಿದ್ದ. ಇಷ್ಟು ವರ್ಷ ಇದ್ದೂ ಹಾಸ್ಟೆಲ್ ಮತ್ತು ತರಗತಿಯನ್ನಲ್ಲದೆ ಬೇರೇನನ್ನೂ ಕಾಣಲಿಲ್ಲವೆಂದು ಅವನು ನೊಂದು ನುಡಿದದ್ದರಿಂದಲೇ ಈ ತಿರುಗಾಟ.

ಇಬ್ನು ತೂಲೂನ್ ಮಸೀದಿಗೆ ನಡೆದೇ ಹೋದೆವು. 879ರಲ್ಲಿ ಪೂರ್ಣಗೊಂಡ ಆ ಮಸೀದಿಯ ಮಿನಾರದಲ್ಲಿ ಮೆಟ್ಟಿಲುಗಳು ಹೊರಮೈಯನ್ನು ಬಳಸಿ ಮೇಲೇರುತ್ತವೆ. ತುದಿಯಲ್ಲಿ ನಿಂತರೆ ಒಂದೆಡೆ ಸುಲ್ತಾನ್ ಸಲಾಹುದ್ದೀನ್ ಅಯ್ಯೂಬಿ 1176ರಲ್ಲಿ ಕಟ್ಟಲಾರಂಭಿಸಿದ ಕೋಟೆ, ಉಳಿದೆಡೆಯೆಲ್ಲ ಧೂಳಿನ ಬಣ್ಣದ ಮಾಳಿಗೆಗಳು. ಇಳಿದು ಬಂದು ಕುಶರಿ ತಿಂದೆವು. ಅನ್ನ, ಬೇಳೆ, ಕಡಲೆ, ಮ್ಯಾಕರೋನಿಗಳನ್ನು ಒಂದೇ ಬಟ್ಟಲಿಗೆ ಸುರಿದು, ಮೇಲೆ ಟೊಮೆಟೊ ರಸವನ್ನೂ ಹುರಿದ ಈರುಳ್ಳಿಯನ್ನೂ ಹಾಕುವ ಈ ಅಡುಗೆಯನ್ನು ಮಲಪ್ಪುರಂನವನು ಯಥೇಚ್ಛವಾಗಿ ಗೇಲಿ ಮಾಡಿದ. ಎರಡನೆಯ ಬಟ್ಟಲು ತರಿಸಿದವನೂ ಅವನೇ.

ಸಯ್ಯಿದಾ ಝೈನಬ್ ನಿಲ್ದಾಣದಲ್ಲಿ ಮೆಟ್ರೋ ಹತ್ತಿ ಎರಡನೆಯ ನಿಲ್ದಾಣದಲ್ಲಿ ಇಳಿದರೆ ಹಳೆಯ ಫುಸ್ತಾತ್. ಪುರಾತನ ಚರ್ಚುಗಳಿಗೆ ಸಮೀಪದಲ್ಲೇ ಅಮ್ರ್ ಇಬ್ನುಲ್ ಆಸ್(ರ)ರವರು ಸ್ಥಾಪಿಸಿದ, ಈಜಿಪ್ಟಿನ ಮೊದಲ ಮಸೀದಿ. ಹಲವು ಬಾರಿ ಕೆಡವಿ ವಿಸ್ತರಿಸಿರುವುದರಿಂದ ಆದಿಯ ಕಟ್ಟಡದ್ದೇನೂ ಉಳಿದಿಲ್ಲ. ಅಲ್ಲಿ ಝುಹರ್ ನಮಾಝಿಗೆ ನಿಂತಾಗ ಮಾಲಿಕೀ ಮದ್‌ಹಬಿನ ಕಾನೋದ ಗೆಳೆಯ ಎಂದಿನಂತೆ ಕೈಗಳನ್ನು ಇಳಿಬಿಟ್ಟು ನಿಂತ. ನಾವು ಮೂವರು ಶಾಫಿಈಗಳು ಕೈ ಕಟ್ಟಿದೆವು. ಊರಿನ ದರ್ಸ್‌ನಲ್ಲಿ ಭಿನ್ನಾಭಿಪ್ರಾಯವೆಂಬ ತಲೆಬರಹದಡಿ ಓದಿದ್ದು ಇಲ್ಲಿ ಭುಜಕ್ಕೆ ಭುಜ ತಾಗಿಸಿ ನಿಂತಿತ್ತು.

ಗಾಝಾದಲ್ಲಿ ಜನಿಸಿ, ಮಕ್ಕಾದಲ್ಲಿ ಬೆಳೆದು, ಮದೀನಾದಲ್ಲಿ ಇಮಾಮ್ ಮಾಲಿಕ್(ರ)ರ ಶಿಷ್ಯರಾದ ಇಮಾಮ್ ಶಾಫಿಈ(ರ) ಬಗ್ದಾದಿನಿಂದ ಈಜಿಪ್ಟಿಗೆ ಬಂದು ಪಾಠ ಹೇಳಿದ್ದು ಇದೇ ಮಸೀದಿಯಲ್ಲಿ. ಇಲ್ಲಿ ಅವರು ಬಾಳಿದ್ದು ಕೆಲವೇ ವರ್ಷ, 820ರಲ್ಲಿ ವಫಾತಾದರು. ಆ ಅಲ್ಪಾವಧಿಯಲ್ಲಿ ಬಗ್ದಾದಿನಲ್ಲಿ ತಾವೇ ಹೇಳಿದ್ದ ಅನೇಕ ತೀರ್ಪುಗಳನ್ನು ಮರುಪರಿಶೀಲಿಸಿ ಬದಲಿಸಿದರು. ಕಿತಾಬುಗಳಲ್ಲಿ ಬರುವ ‘ಖದೀಮ್’ ಎಂದರೆ ಬಗ್ದಾದಿನ ಹಳೆಯ ಅಭಿಪ್ರಾಯ, ‘ಜದೀದ್’ ಎಂದರೆ ಈಜಿಪ್ಟಿನ ಹೊಸ ಅಭಿಪ್ರಾಯ. ಬಾಲ್ಯದಿಂದ ಬಾಯಿಪಾಠವಾಗಿದ್ದ ಆ ಎರಡು ಪದಗಳ ನಡುವೆ ಒಂದು ದೂರದ ಪ್ರಯಾಣವಿದೆಯೆಂಬುದು ಅಂದು ಆ ಅಂಗಳದಲ್ಲಿ ಕುಳಿತಾಗ ಮನಸ್ಸಿಗೆ ತಟ್ಟಿತು.

ಅಸರಿನ ಹೊತ್ತಿಗೆ ಇಮಾಮರ ಮಖ್‌ಬರಾ ತಲುಪಿದೆವು. ಸುಲ್ತಾನ್ ಅಲ್‌ಕಾಮಿಲ್ 1211ರಲ್ಲಿ ಕಟ್ಟಿಸಿದ ಗುಂಬಝಿನ ನೆತ್ತಿಯ ಮೇಲೆ ಲೋಹದ ದೋಣಿಯೊಂದಿದೆ. ಹಕ್ಕಿಗಳಿಗಾಗಿ ಅದರಲ್ಲಿ ಕಾಳು ತುಂಬಿಸುತ್ತಿದ್ದರೆಂದು ಹೇಳುತ್ತಾರೆ. ಸಲಾಮ್ ಹೇಳಿ, ಊರಿನ ಉಸ್ತಾದರ ಹೆಸರೆತ್ತಿ ದುಆ ಮಾಡಿದೆವು. ಅಲ್ಲಿಗೆ ಹತ್ತಿರದಲ್ಲೇ ಇಮಾಮ್ ಲೈಸ್ ಇಬ್ನು ಸಅದ್(ರ)ರ ಖಬರ್ ಇದೆ. ಲೈಸ್‌ರು ಮಾಲಿಕ್‌ರಿಗಿಂತಲೂ ದೊಡ್ಡ ಕರ್ಮಶಾಸ್ತ್ರಜ್ಞರಾಗಿದ್ದರು, ಶಿಷ್ಯರು ಅವರ ಜ್ಞಾನವನ್ನು ಕಾಪಾಡಲಿಲ್ಲವೆಂಬ ಅರ್ಥದ ಮಾತನ್ನು ಶಾಫಿಈ(ರ) ಆಡಿದ್ದಾಗಿ ವರದಿಯಿದೆ. ಇದನ್ನು ಕೇಳಿದ ಕಾನೋದ ಗೆಳೆಯ ಬಹಳ ಹೊತ್ತು ಆ ಖಬರಿನ ಬಳಿಯಿಂದ ಏಳಲಿಲ್ಲ. ಊರಿನಲ್ಲಿ ಅವನ ವೃದ್ಧ ತಂದೆಯ ಮದ್ರಸ ಅವನಿಗಾಗಿ ಕಾಯುತ್ತಿತ್ತು. ಅಲ್ಲಿ ಓದಲು ಬರುವ ಮಕ್ಕಳು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆಂದು ಹೇಳಿಕೊಂಡಿದ್ದ. ಇಂದು ನಮ್ಮೆದುರು ಮಕ್ಕಳು ಕಿತಾಬು ತೆರೆದು ಕುಳಿತಾಗ ಲೈಸ್‌ರ ನೆನಪು ನಮ್ಮನ್ನೂ ಕಾಡುವುದುಂಟು.

ಮರಳುವಾಗ ಮೈಕ್ರೋಬಸ್ಸು ವಾಹನಗಳ ಸಂದಣಿಯಲ್ಲಿ ಸಿಲುಕಿತು. ಸೂರ್ಯ ಮುಳುಗಿ ಬಾಂಗು ಕೇಳಿಸಿತು. ಮಗ್ರಿಬಿನ ಸಮಯ ಪಡುವಣದ ಕೆಂಪು ಮಾಸುವವರೆಗೂ ಇದೆಯೆಂಬುದು ಶಾಫಿಈ(ರ)ರ ಖದೀಮ್. ವುಝೂ ಮಾಡಿ ಐದು ರಕಅತ್ ನಮಾಝ್ ಮಾಡುವಷ್ಟೇ ಎಂಬುದು ಜದೀದ್. ಇಲ್ಲಿ ಇಮಾಮ್ ನವವಿ(ರ) ಖದೀಮ್‌ಗೇ ಪ್ರಾಶಸ್ತ್ಯ ಕೊಟ್ಟಿದ್ದಾರೆ, ನಮ್ಮ ದರ್ಸ್‌ಗಳಲ್ಲಿ ಕಲಿಸುವುದೂ ಅದನ್ನೇ. ಹಾಗಾಗಿ ನಾವು ಮೂವರು ನಿಶ್ಚಿಂತರಾಗಿದ್ದೆವು. ಮಾಲಿಕೀ ಗೆಳೆಯನ ಕಿತಾಬಿನಲ್ಲಿ ಅಷ್ಟು ಅವಕಾಶವಿಲ್ಲ. ಅವನು ಎಲ್ಲರ ಬಾಡಿಗೆಯನ್ನೂ ತಾನೇ ಕೊಟ್ಟು ನಡುರಸ್ತೆಯಲ್ಲೇ ನಮ್ಮನ್ನು ಇಳಿಸಿದ. ಗಲ್ಲಿಯೊಂದರ ಸಣ್ಣ ಮಸೀದಿಯಲ್ಲಿ ಅವನೇ ಇಮಾಮತ್ ನಿಂತ. ಹೊರಬಂದಾಗ ಪಡುವಣ ಇನ್ನೂ ಕೆಂಪಾಗಿಯೇ ಇತ್ತು. ಜಾವಾದವನು ಬೆರಳೆತ್ತಿ ಅದನ್ನು ತೋರಿಸಿದ. ಕಾನೋದ ಗೆಳೆಯ ನೋಡದವನಂತೆ ಬಗ್ಗಿ ಚಪ್ಪಲಿ ಮೆಟ್ಟಿಕೊಂಡ.