ನಿದ್ದೆಯ ಲೆಕ್ಕ

ಸಾಗರದ ಅಡಿಕೆ ಮಂಡಿಯೊಂದರಲ್ಲಿ ಲೆಕ್ಕ ಬರೆಯುವವರ ಮಗ ಆತ. ಎಂಟನೆಯ ತರಗತಿಯವರೆಗೂ ಮೊದಲ ಬೆಂಚಿನ ಹುಡುಗ. ಒಂಬತ್ತಕ್ಕೆ ಬಂದದ್ದೇ ತಡ, ಮೂರನೆಯ ಪೀರಿಯಡ್ಡಿನ ಹೊತ್ತಿಗೆ ತಲೆ ಡೆಸ್ಕಿಗೆ ತಾಗತೊಡಗಿತು. ಎಬ್ಬಿಸಿ ನಿಲ್ಲಿಸಿದರೆ ನಿಂತಲ್ಲೇ ತೂಕಡಿಸುತ್ತಿದ್ದ. ನೋಟ್ಸಿನಲ್ಲಿ ಅರ್ಧ ಸಾಲು ದುಂಡಗಿದ್ದರೆ ಉಳಿದರ್ಧ ಕೋಳಿ ಕೆದಕಿದ ಹಾಗೆ. ಸಹಪಾಠಿಗಳು ‘ಕುಂಭಕರ್ಣ’ ಎಂದರು. ಉಪಾಧ್ಯಾಯರೂ ಒಂದೆರಡು ಸಲ ಹಾಗೇ ಕರೆದರು.

ಮನೆಯಲ್ಲಿ ಒಬ್ಬೊಬ್ಬರದು ಒಂದೊಂದು ಔಷಧ. ತಾಯಿ ಬೆಳಿಗ್ಗೆ ಎರಡು ಲೋಟ ಕಾಫಿ ಕೊಟ್ಟರು. ತಂದೆ ಮೊಬೈಲು ಕಸಿದು ಬೀರುವಿನಲ್ಲಿಟ್ಟರು. ಅದರಿಂದಲೂ ಗುಣ ಕಾಣದಿದ್ದಾಗ ಒಂದು ಸಂಜೆ ಬೆಲ್ಟು ತೆಗೆದರು. ರಾತ್ರಿ ಎಚ್ಚರವಾದರೆ ಕೈಕಾಲು ಆಡುವುದಿಲ್ಲ, ಕೋಣೆಯಲ್ಲಿ ಯಾರೋ ನಿಂತಂತೆ ಕಾಣುತ್ತದೆ ಎಂದು ಹುಡುಗ ಹೇಳಿದ್ದನ್ನು ಅಜ್ಜಿ ಮಾತ್ರ ಪೂರ್ತಿ ಕೇಳಿಸಿಕೊಂಡು, ತಾಯಿತ ಕಟ್ಟಿಸಿದರು. ಅಜ್ಜಿಯ ಚಿಕಿತ್ಸೆ ತಪ್ಪಿರಬಹುದು. ಆದರೆ ಹುಡುಗನ ಮಾತನ್ನು ನಂಬಿದವರು ಆ ಮನೆಯಲ್ಲಿ ಅವರೊಬ್ಬರೇ.

ಹತ್ತನೆಯ ತರಗತಿಯಲ್ಲಿ ಗೆಳೆಯನ ತಮಾಷೆಗೆ ಜೋರಾಗಿ ನಕ್ಕವನು ಮೊಣಕಾಲು ಕುಸಿದು ಶಾಲೆಯ ಅಂಗಳದಲ್ಲೇ ಬಿದ್ದ. ಮೂರ್ಛೆರೋಗವೆಂದು ಎಲ್ಲರೂ ಗಾಬರಿಯಾದರು. ಯಾರೋ ಕೈಗೆ ಬೀಗದ ಕೈ ಹಿಡಿಸಿದರು. ರಕ್ತ ಪರೀಕ್ಷೆ, ಥೈರಾಯ್ಡ್ ಪರೀಕ್ಷೆ, ಇ.ಇ.ಜಿ. ಎಲ್ಲವೂ ಸರಿಯಾಗಿದ್ದರೂ ಫಿಟ್ಸ್ ಮಾತ್ರೆ ಶುರುವಾಯಿತು. ಆ ಮಾತ್ರೆಗೆ ಮಂಪರು ಬರಿಸುವ ಗುಣ. ಇದ್ದ ನಿದ್ದೆಗೆ ಇನ್ನಷ್ಟು ಸೇರಿತು. ಹುಡುಗ ತನಗೆ ತಾನೇ ಒಂದು ಉಪಾಯ ಕಂಡುಕೊಂಡ. ನಕ್ಕರೆ ತಾನೇ ಬೀಳುವುದು? ನಗುವುದನ್ನೇ ಬಿಟ್ಟ.

ಪಿ.ಯು.ಸಿ. ಮೊದಲ ವರ್ಷದಲ್ಲಿ ಶಿವಮೊಗ್ಗದ ನರರೋಗ ವೈದ್ಯರೊಬ್ಬರು ಕಡತವನ್ನೆಲ್ಲ ಪಕ್ಕಕ್ಕಿಟ್ಟು ಅವನನ್ನೇ ಕೇಳಿದರು: “ಬಿದ್ದಾಗ ಸುತ್ತಲಿನವರ ಮಾತು ಕೇಳಿಸುತ್ತದೇನಪ್ಪಾ?”

“ಎಲ್ಲಾ ಕೇಳಿಸ್ತದೆ ಸಾರ್. ಮಾತಾಡೋದಕ್ಕೆ ಮಾತ್ರ ಆಗೋದಿಲ್ಲ.”

ಅಲ್ಲಿಯವರೆಗೆ ಯಾರೂ ಕೇಳದಿದ್ದ ಪ್ರಶ್ನೆ ಅದು. ನೆಲಕ್ಕೆ ಕೆಡಹುವ ದೊಡ್ಡ ಮೂರ್ಛೆಯಲ್ಲಿ ಎಚ್ಚರ ತಪ್ಪುತ್ತದೆ, ಇವನಿಗೆ ತಪ್ಪುತ್ತಿರಲಿಲ್ಲ. ನಗು, ಸಿಟ್ಟು, ಅಚ್ಚರಿ ಬಂದೊಡನೆ ಸ್ನಾಯುಗಳು ಸಡಿಲಾಗುವ ಇದಕ್ಕೆ ಕ್ಯಾಟಪ್ಲೆಕ್ಸಿ ಎಂದು ಹೆಸರು. ಹಗಲು ನಿದ್ದೆಯೂ ಇದೂ ಜೊತೆಗೂಡಿದರೆ ವೈದ್ಯರು ಮೊದಲು ಶಂಕಿಸುವುದು ನಾರ್ಕೊಲೆಪ್ಸಿಯನ್ನು. ಈ ಹೆಸರಿಟ್ಟವರು ಫ್ರಾನ್ಸಿನ ವೈದ್ಯ ಗೆಲಿನೋ, 1880ರಲ್ಲಿ. ಅವರ ರೋಗಿಯೂ ನಕ್ಕರೆ ಬೀಳುವ ಒಬ್ಬ ವ್ಯಾಪಾರಿಯೇ.

ನಾವು ಮಲಗಿದ ಸುಮಾರು 90 ನಿಮಿಷಗಳ ಮೇಲೆ ಕನಸಿನ ನಿದ್ದೆ, ಅಂದರೆ ರೆಮ್ ನಿದ್ರೆ, ಬರುತ್ತದೆ. ಕನಸು ಕಂಡಂತೆ ಎದ್ದು ಓಡದಿರಲೆಂದು ಆಗ ಮಿದುಳು ಕೈಕಾಲುಗಳಿಗೆ ಬೀಗ ಹಾಕುತ್ತದೆ. ನಿದ್ದೆ-ಎಚ್ಚರಗಳ ಗಡಿ ಕಾಯುವುದಕ್ಕೆ ಹೈಪೊಥಲಾಮಸ್ಸಿನಲ್ಲಿ ಹತ್ತಾರು ಸಾವಿರ ನರಕೋಶಗಳಿವೆ. ಅವು ಸ್ರವಿಸುವ ಹೈಪೊಕ್ರೆಟಿನ್ ಎಂಬ ವಸ್ತು ಪತ್ತೆಯಾದದ್ದು 1998ರಲ್ಲಿ. ಇಂಥ ರೋಗಿಗಳಲ್ಲಿ ಆ ಕೋಶಗಳು ನಾಶವಾಗಿರುತ್ತವೆಂದು 2000ದಲ್ಲಿ ತಿಳಿಯಿತು. ಕಾವಲುಗಾರನಿಲ್ಲದ ಬಾಗಿಲು! ಕನಸಿನ ಬೀಗ ಹಗಲಿಗೂ ನುಗ್ಗುತ್ತದೆ. ಅಜ್ಜಿ ಕಂಡ ದೆವ್ವ ಇದೇ.

ಪರೀಕ್ಷೆಗೆ ಮುಂಚೆ ಎರಡು ವಾರ ನಿದ್ದೆಯ ದಿನಚರಿ ಬರೆಯಬೇಕೆಂದರು ವೈದ್ಯರು. ತಂದೆ ಮಂಡಿಯ ಹಳೆಯ ಲೆಕ್ಕದ ಪುಸ್ತಕವೊಂದನ್ನು ತಂದು ತಾವೇ ಬರೆದರು. ಮಲಗಿದ್ದು 10-05. ಬೆಚ್ಚಿ ಎದ್ದದ್ದು 1-20. ಮತ್ತೆ 3-10. ರಾತ್ರಿಯೂ ಮಗನಿಗೆ ಸರಿಯಾಗಿ ನಿದ್ದೆಯಿಲ್ಲವೆಂಬುದು ಅವರಿಗೆ ಗೊತ್ತಾದದ್ದು ಆ ಎರಡು ವಾರಗಳಲ್ಲಿ, ತಾವೂ ಎಚ್ಚರವಿದ್ದು.

ಬೆಂಗಳೂರಿನ ಆಸ್ಪತ್ರೆಯಲ್ಲಿ ಒಂದು ರಾತ್ರಿ ತಲೆಗೆ ತಂತಿಗಳನ್ನು ಅಂಟಿಸಿ ಮಲಗಿಸಿದರು. ಮಾರನೆಯ ಹಗಲು ಎರಡೆರಡು ಗಂಟೆಗೊಮ್ಮೆ, ಐದು ಸಲ, ಮಲಗಲು ಹೇಳಿದರು. ಸರಾಸರಿ ಎಂಟು ನಿಮಿಷದೊಳಗೆ ನಿದ್ದೆ ಬಂದು, ಎರಡು ಸಲವಾದರೂ ಬೇಗನೆ ರೆಮ್ ಕಾಣಿಸಿದರೆ ರೋಗ ಖಚಿತವಾದಂತೆ. ಇವನಿಗೆ ಮೂರೇ ನಿಮಿಷ. ರೆಮ್ ನಾಲ್ಕು ಸಲ. ವರದಿ ಓದಿ ಹೇಳಿದಾಗ ಹುಡುಗ ಕೇಳಿದ್ದು ಒಂದೇ: “ಹಾಗಾದ್ರೆ ನಾನು ಸೋಮಾರಿ ಅಲ್ವಾ ಸಾರ್?” ತಂದೆ ಕಿಟಕಿಯ ಕಡೆ ತಿರುಗಿದರು.

ಇದು ಪೂರ್ತಿ ವಾಸಿಯಾಗುವ ಕಾಯಿಲೆಯಲ್ಲ. ಫಿಟ್ಸ್ ಮಾತ್ರೆಯನ್ನು ವೈದ್ಯರೇ ಹಂತಹಂತವಾಗಿ ನಿಲ್ಲಿಸಿದರು. ಬೆಳಿಗ್ಗೆ ಎಚ್ಚರಕ್ಕೆ ಮೊಡಾಫಿನಿಲ್ ಮಾತ್ರೆ, ಕುಸಿತಕ್ಕೆ ಇನ್ನೊಂದು. (ಪರೀಕ್ಷೆಯ ಹಿಂದಿನ ರಾತ್ರಿ ಓದುವುದಕ್ಕೆಂದು ಮೊಡಾಫಿನಿಲ್ ಹುಡುಕುವ ಜಾಣರಿದ್ದಾರೆ. ಅದು ವೈದ್ಯರ ಚೀಟಿಯಿಲ್ಲದೆ ಮುಟ್ಟಬಾರದ ಮದ್ದು.) ಹೊತ್ತಿಗೆ ಸರಿಯಾಗಿ ಮಲಗುವುದು, ಸದ್ಯಕ್ಕೆ ಬೈಕಿನ ಆಸೆ ಬಿಡುವುದು. ಮಧ್ಯಾಹ್ನ ಊಟದ ಬಿಡುವಿನಲ್ಲಿ 20 ನಿಮಿಷ ಮಲಗಲು ಕಾಲೇಜಿನವರು ಪ್ರಯೋಗಾಲಯದ ಪಕ್ಕದ ಕೋಣೆ ಬಿಟ್ಟುಕೊಟ್ಟರು. ಕೆಮಿಸ್ಟ್ರಿಯಲ್ಲಿ ಅಂಕ ಇನ್ನೂ ಅಷ್ಟಕ್ಕಷ್ಟೇ.

ವೈದ್ಯರು ಕೇಳಿದ್ದು ಎರಡು ವಾರದ ದಿನಚರಿ. ತಂದೆ ನಿಲ್ಲಿಸಲಿಲ್ಲ. ದೀಪಾವಳಿಯ ಮರುದಿನದ ಪುಟದಲ್ಲಿ, ಅಡಿಕೆ ತೂಕ ಬರೆಯುವ ಅದೇ ಅಕ್ಷರದಲ್ಲಿ ಹೀಗಿದೆ: ‘ಸಂಜೆ 6-40. ತಂಗಿ ಏನೋ ಹೇಳಿದಳು, ಜೋರಾಗಿ ನಕ್ಕ. ಮೊಣಕಾಲು ಸ್ವಲ್ಪ ನಡುಗಿತು. ಬೀಳಲಿಲ್ಲ.’